ಪದದ ಗಡಿ ಮತ್ತು ಕಾಗುಣಿತದ ನಿಯಮ: ಇಂಡೋನೇಷ್ಯನ್ ಕಥನಸಾಹಿತ್ಯದ ಮರುಮುದ್ರಣಗಳಲ್ಲಿ ಉಳಿಯುವುದು, ಅಳಿಯುವುದು

1. ಪ್ರಶ್ನೆಯ ಸ್ವರೂಪ

ಇಂಡೋನೇಷ್ಯನ್ ಭಾಷೆಯ ರೋಮನ್ ಬರಹದ ನಿಯಮಗಳು ಇಪ್ಪತ್ತನೆಯ ಶತಮಾನದಲ್ಲಿ ಮೂರು ಬಾರಿ ಅಧಿಕೃತವಾಗಿ ನಿಗದಿಗೊಂಡವು: 1901ರಲ್ಲಿ, 1947ರಲ್ಲಿ ಮತ್ತು 1972ರಲ್ಲಿ. ಆ ಭಾಷೆಯ ಆಧುನಿಕ ಕಾದಂಬರಿ ಬೆಳೆದದ್ದೂ ಇದೇ ಅವಧಿಯಲ್ಲಿ. ಹೀಗಾಗಿ ಮಾರಾಹ್ ರುಸ್ಲಿಯವರ ‘ಸಿತ್ತಿ ನೂರ್ಬಾಯಾ’ (1922) ಮೊದಲನೆಯ ನಿಯಮದಲ್ಲಿ ಅಚ್ಚಾಗಿ, ಇಂದು ಮೂರನೆಯ ನಿಯಮದಲ್ಲಿ ಓದಲ್ಪಡುತ್ತಿದೆ. ಅಖ್ದಿಯಾತ್ ಮಿಹಾರ್ಜಾ ಅವರ ‘ಅಥೆಇಸ್’ (1949), ಮೋಖ್ತಾರ್ ಲೂಬಿಸ್ ಅವರ ‘ಜಲಾನ್ ತಾಕ್ ಅದಾ ಉಜುಙ್’ (1952), ಇವಾನ್ ಸಿಮಾತುಪಾಙ್ ಅವರ ‘ಮೆರಾಹ್‌ಞಾ ಮೆರಾಹ್’ (1968) ಎರಡನೆಯ ನಿಯಮದ ಕಾಲದವು. ಅವುಗಳನ್ನೂ ನಾವು ಸಾಮಾನ್ಯವಾಗಿ ಮೂರನೆಯ ನಿಯಮದ ಮರುಮುದ್ರಣಗಳಲ್ಲಿಯೇ ಎದುರುಗೊಳ್ಳುತ್ತೇವೆ.

ಸಾಹಿತ್ಯದ ಓದುಗನಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಪದರಚನೆಯ ಅಧ್ಯಯನಕ್ಕೆ ಈ ಕಾದಂಬರಿಗಳನ್ನು ಆಕರವಾಗಿ ಬಳಸುವವರಿಗೆ ಒಂದು ಮೂಲಭೂತ ಪ್ರಶ್ನೆ ಏಳುತ್ತದೆ. ಮರುಮುದ್ರಣದಲ್ಲಿ ಬದಲಾದದ್ದು ಕೇವಲ ಅಕ್ಷರವೇ ಅಥವಾ ಪದವೇ? ಬದಲಾವಣೆಗಳೆಲ್ಲವನ್ನೂ ‘ಹೊಸ ಕಾಗುಣಿತ’ ಎಂಬ ಒಂದೇ ಹೆಸರಿನಿಂದ ಕರೆಯುವ ರೂಢಿ ಈ ಪ್ರಶ್ನೆಯನ್ನು ಮರೆಮಾಡುತ್ತದೆ. ಅವುಗಳಲ್ಲಿ ಎರಡು ಬಗೆಗಳಿವೆ ಎಂಬುದು ನಮ್ಮ ವಾದ. ಮೊದಲನೆಯದು ಅಕ್ಷರಕ್ಕೆ ಅಕ್ಷರವನ್ನು ಬದಲಿಸುವುದು. ಹೊಸ ಪಠ್ಯದಿಂದ ಹಳೆಯ ರೂಪವನ್ನು ಮತ್ತೆ ಕಟ್ಟಬಹುದು. ಎರಡನೆಯದು ಪದ ಎಲ್ಲಿ ಮುಗಿಯುತ್ತದೆ, ಪ್ರತ್ಯಯ ಎಲ್ಲಿ ಆರಂಭವಾಗುತ್ತದೆ ಎಂಬ ತೀರ್ಮಾನವನ್ನು ಬದಲಿಸುವುದು. ಇಲ್ಲಿ ಹಳೆಯ ರೂಪಕ್ಕೆ ಮರಳುವ ದಾರಿಯಿಲ್ಲ. ಇವೆರಡನ್ನೂ ಬೇರ್ಪಡಿಸದ ಪಠ್ಯಸಂಚಯವು ಲೇಖಕನ ಪದರಚನೆಯನ್ನಲ್ಲ, ಸಂಪಾದಕನ ಪದರಚನೆಯನ್ನು ತೋರಿಸುವ ಅಪಾಯವಿದೆ.

ಲಿಪ್ಯಂತರದ ಬಗ್ಗೆ ಒಂದು ಮಾತು. ಕಂಠ್ಯ ಅನುನಾಸಿಕವನ್ನು ಙ ಎಂದೂ ತಾಲವ್ಯ ಅನುನಾಸಿಕವನ್ನು ಞ ಎಂದೂ ಬರೆದಿದ್ದೇವೆ. ಕನ್ನಡದ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತ ಈ ಎರಡು ಅಕ್ಷರಗಳು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಇಂಡೋನೇಷ್ಯನ್‌ನಲ್ಲಿ ಸ್ವರದ ದೀರ್ಘತೆ ಅರ್ಥಭೇದಕವಲ್ಲವಾದ್ದರಿಂದ ದೀರ್ಘಚಿಹ್ನೆಗಳು ಓದಿನ ಅನುಕೂಲಕ್ಕೆ ಮಾತ್ರ. ಶ್ವಾ ಎಂಬ ಮಧ್ಯಸ್ವರವನ್ನೂ ನಿಜವಾದ ಎಕಾರವನ್ನೂ ಎ ಎಂದೇ ಬರೆದಿದ್ದೇವೆ, ಏಕೆಂದರೆ ಇಂಡೋನೇಷ್ಯನ್ ಬರಹವೂ ಇವೆರಡಕ್ಕೆ ಒಂದೇ ಅಕ್ಷರವನ್ನು ಬಳಸುತ್ತದೆ. ರೋಮನ್ ಅಕ್ಷರಗಳನ್ನೇ ಸೂಚಿಸಬೇಕಾದಾಗ ಅವುಗಳ ಇಂಗ್ಲಿಷ್ ಹೆಸರುಗಳನ್ನು ಕೊಟ್ಟಿದ್ದೇವೆ.

2. ಅಕ್ಷರದ ಬದಲಾವಣೆ

1901ರ ನಿಯಮವನ್ನು ರೂಪಿಸಿದವರು ಡಚ್ ವಿದ್ವಾಂಸ ವಾನ್ ಓಫೌಸೆನ್ ಮತ್ತು ಅವರ ಇಬ್ಬರು ಮಲಯ್ ಸಹಾಯಕರು. ಅದರಲ್ಲಿ ಉಕಾರಕ್ಕೆ ಡಚ್ ಪದ್ಧತಿಯಂತೆ ‘ಓ–ಇ’ ಜೋಡಿ. ಚಕಾರಕ್ಕೆ ‘ಟಿ–ಜೆ’, ಜಕಾರಕ್ಕೆ ‘ಡಿ–ಜೆ’, ಯಕಾರಕ್ಕೆ ‘ಜೆ’. ಶಿಕ್ಷಣಸಚಿವ ಸುವಾಂದಿಯವರ ಹೆಸರಿನಿಂದ ಪ್ರಸಿದ್ಧವಾದ 1947ರ ನಿಯಮವು ‘ಓ–ಇ’ಯನ್ನು ‘ಯು’ ಮಾಡಿತು. 1972ರ ಆಗಸ್ಟ್ 16ರಂದು ಅಧ್ಯಕ್ಷ ಸುಹಾರ್ತೊ ಘೋಷಿಸಿದ ‘ಪರಿಪೂರ್ಣಗೊಳಿಸಿದ ಕಾಗುಣಿತ’ವು, ಅಂದರೆ ‘ಇವೈಡಿ’ಯು, ಉಳಿದ ಜೋಡಿಗಳನ್ನು ಬಿಡಿಸಿ ‘ಸಿ’, ‘ಜೆ’, ‘ವೈ’ಗಳನ್ನು ತಂದಿತು, ಅದೇ ವರ್ಷ ಮಲೇಷ್ಯವೂ ಸಮಾನ ಪದ್ಧತಿಯನ್ನು ಒಪ್ಪಿಕೊಂಡಿತು. ವ್ಯಕ್ತಿನಾಮಗಳು ಮಾತ್ರ ಹಳೆಯ ಉಡುಪಿನಲ್ಲಿಯೇ ಉಳಿಯಬಹುದಾಗಿತ್ತು. ಪ್ರಮೂದ್ಯ ಅನಂತ ತೂರ್ ಅವರ ಹೆಸರಿನಲ್ಲಿ ‘ಓ–ಇ’ ಇಂದಿಗೂ ಇರುವುದು ಆದ್ದರಿಂದ.

ಈ ಬದಲಾವಣೆಗಳು ಬಹುಮಟ್ಟಿಗೆ ಒಂದಕ್ಕೊಂದು ಹೊಂದುವಂಥವು, ಯಂತ್ರಕ್ಕೂ ವಹಿಸಬಹುದು. (ವಹಿಸುವವರಿಗೆ ಒಂದು ಎಚ್ಚರಿಕೆ: ‘ಡಿ–ಜೆ’ಯನ್ನು ಮೊದಲು ‘ಜೆ’ ಮಾಡಿ, ಆಮೇಲೆ ‘ಜೆ’ಯನ್ನು ‘ವೈ’ ಮಾಡಿದರೆ ‘ಜಲಾನ್’ ಎಂಬ ರಸ್ತೆ ‘ಯಲಾನ್’ ಆಗುತ್ತದೆ, ಕ್ರಮವನ್ನು ಹಿಂದುಮುಂದು ಮಾಡಿದರೆ ‘ದ್ಯಲಾನ್’ ಆಗುತ್ತದೆ. ಎಲ್ಲ ಬದಲಿಗಳನ್ನೂ ಒಂದೇ ಹಾಯಿಯಲ್ಲಿ ಮಾಡಬೇಕು.)

ಆದರೆ ಅಕ್ಷರಗಳ ಮಟ್ಟದಲ್ಲಿಯೂ ಎರಡು ಕಡೆ ಸೋರಿಕೆಯಿದೆ, ಎರಡೂ 1947ರವು. ಗ್ಲಾಟಲ್ ಸ್ಪರ್ಶವನ್ನು ಓಫೌಸೆನ್ ನಿಯಮವು ಅಪಾಸ್ಟ್ರಫಿಯಿಂದ ಸೂಚಿಸುತ್ತಿತ್ತು; ಸುವಾಂದಿ ನಿಯಮವು ಅದನ್ನು ‘ಕೆ’ ಮಾಡಿತು. ‘ಕೆ’ಯಿಂದ ಕೊನೆಗೊಳ್ಳುವ ಪದಗಳು ಮೊದಲೇ ಇದ್ದುದರಿಂದ ಇಂದಿನ ‘ತಾಕ್’ ಎಂಬುದನ್ನು ನೋಡಿ ಮೂಲದಲ್ಲಿ ಯಾವುದಿತ್ತು ಎಂದು ಹೇಳಲಾಗದು. ಹಾಗೆಯೇ ಎಕಾರದ ಮೇಲಿನ ಸ್ವರಚಿಹ್ನೆ ಹೋಯಿತು. ಶ್ವಾ ಮತ್ತು ಎಕಾರಗಳ ಭೇದ ಬರಹದಿಂದ ಮಾಯವಾಯಿತು. ಇಂದು ‘ಅಪೆಲ್’ ಎಂದು ಬರೆದರೆ ಅದು ಶ್ವಾ ಇರುವ ಸೇಬೋ, ಎಕಾರವಿರುವ ಕವಾಯತಿನ ಹಾಜರಿಯೋ ಎಂಬುದನ್ನು ಸಂದರ್ಭವೇ ತಿಳಿಸಬೇಕು. 2022ರ ಇವೈಡಿ ಐದನೆಯ ಆವೃತ್ತಿಯು ಉಚ್ಚಾರಣೆ ತಿಳಿಸಲು ಚಿಹ್ನೆಗಳನ್ನು ಅನುಮತಿಸುತ್ತದೆ, ಕಡ್ಡಾಯ ಮಾಡುವುದಿಲ್ಲ. ಇವು ಧ್ವನಿವಿಜ್ಞಾನಕ್ಕೆ ಸಂಬಂಧಿಸಿದ ನಷ್ಟಗಳು. ಪದರಚನೆಯ ನಷ್ಟಗಳು ಇನ್ನೂ ಆಳವಾದವು.

3. ಬಿಡಿಸಿ ಬರೆಯುವುದು, ಕೂಡಿಸಿ ಬರೆಯುವುದು

ಇಂಡೋನೇಷ್ಯನ್‌ನಲ್ಲಿ ‘ದಿ’ ಎಂಬ ರೂಪ ಎರಡು ಕೆಲಸಗಳನ್ನು ಮಾಡುತ್ತದೆ. ಒಂದು, ಕ್ರಿಯಾಪದದ ಹಿಂದೆ ಬರುವ ಕರ್ಮಣಿ ಪೂರ್ವಪ್ರತ್ಯಯ: ‘ದಿಜುವಾಲ್’, ಮಾರಲ್ಪಟ್ಟಿತು. ಇನ್ನೊಂದು, ನಾಮಪದದ ಹಿಂದೆ ಬರುವ ಸ್ಥಾನವಾಚಿ: ‘ದಿ ರೂಮಾಹ್’, ಮನೆಯಲ್ಲಿ. 1947ರ ನಿಯಮದ ಪ್ರಕಾರ ಎರಡನ್ನೂ ಮುಂದಿನ ಪದಕ್ಕೆ ಕೂಡಿಸಿಯೇ ಬರೆಯಬೇಕು. 1972ರ ನಿಯಮದಲ್ಲಿ ಪ್ರತ್ಯಯ ಕೂಡಿಕೊಳ್ಳುತ್ತದೆ, ಸ್ಥಾನವಾಚಿ ಬೇರೆ ನಿಲ್ಲುತ್ತದೆ. ಇಂದಿಗೂ ಸಾಮಾನ್ಯ ಬರಹದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ ಎಂಬುದು ಶಾಲೆಯ ಉಪಾಧ್ಯಾಯರ ಸಾಮಾನ್ಯ ದೂರು.

ವ್ಯಾಕರಣದ ದೃಷ್ಟಿಯಿಂದ 1972ರ ಭೇದವು ಸರಿಯಾದದ್ದೇ. ಆದರೆ ಹಳೆಯ ಪಠ್ಯವನ್ನು ಹೊಸ ನಿಯಮಕ್ಕೆ ತರುವವನು ಪ್ರತಿಯೊಂದು ‘ದಿ’ಯ ಎದುರಿಗೂ ನಿಂತು ಇದು ಯಾವುದು ಎಂದು ತೀರ್ಮಾನಿಸಬೇಕಾಗುತ್ತದೆ. ನಾವೇ ಕಟ್ಟಿದ ಒಂದು ವಾಕ್ಯವನ್ನು ನೋಡೋಣ: ‘ದಿಯಾ ದಿಕುಬುರ್ ಅಯಾಹ್‌ಞಾ’. ಕೂಡಿಸಿ ಬರೆದ ಈ ರೂಪಕ್ಕೆ ಇಂದಿನ ನಿಯಮದಲ್ಲಿ ಒಂದೇ ಅರ್ಥ: ಅವನನ್ನು ಅವನ ತಂದೆ ಹೂಳಿದರು. ‘ದಿ ಕುಬುರ್’ ಎಂದು ಬಿಡಿಸಿದರೆ, ಅವನು ತನ್ನ ತಂದೆಯ ಸಮಾಧಿಯ ಬಳಿ ಇದ್ದಾನೆ. ಮೊದಲನೆಯದರಲ್ಲಿ ಸತ್ತವನು ಮಗ, ಎರಡನೆಯದರಲ್ಲಿ ತಂದೆ. 1947ರ ಬರಹದಲ್ಲಿ ಇವೆರಡೂ ಒಂದೇ ಸಾಲು. ‘ದಿಬಾಲಿಕ್’ ಎಂಬುದೂ ಹಾಗೆಯೇ: ಕೂಡಿದರೆ ಮಗುಚಲ್ಪಟ್ಟಿತು, ಬಿಡಿಸಿದರೆ ಹಿಂಬದಿಯಲ್ಲಿ. ಹತ್ತರಲ್ಲಿ ಒಂಬತ್ತು ಕಡೆ ಸಂದರ್ಭವು ಅನುಮಾನಕ್ಕೆ ಎಡೆಕೊಡುವುದಿಲ್ಲ ಎಂದು ಆಕ್ಷೇಪಿಸಬಹುದು. ಒಪ್ಪುತ್ತೇವೆ. ಆದರೆ ಕಥನಗದ್ಯವೆಂಬುದು ಅನುಮಾನವನ್ನು ಕೆಲವೊಮ್ಮೆ ಬೇಕೆಂದೇ ಉಳಿಸಿಕೊಳ್ಳುವ ಗದ್ಯ. ಉಳಿದ ಆ ಒಂದು ಕಡೆಯಲ್ಲಿ ಸಂಪಾದಕನ ತೀರ್ಮಾನ ದಾಖಲಾಗದೆ ಮೂಲದ ಭಾಗವೇ ಆಗಿಬಿಡುತ್ತದೆ.

ಎಣಿಕೆಯ ಅಧ್ಯಯನಗಳಿಗೂ ಇದು ತಟ್ಟುತ್ತದೆ. ಖಾಲಿ ಜಾಗವನ್ನೇ ಪದದ ಗಡಿಯೆಂದು ಹಿಡಿಯುವ ಯಂತ್ರಕ್ಕೆ ಹಳೆಯ ‘ದಿರೂಮಾಹ್’ ಒಂದು ಪದ, ಹೊಸ ‘ದಿ ರೂಮಾಹ್’ ಎರಡು. 1950ರ ದಶಕದ ಪ್ರಥಮ ಮುದ್ರಣಗಳನ್ನೂ 1980ರ ದಶಕದ ಕಾದಂಬರಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ಎಣಿಸಿದರೆ ‘ದಿ’ ಎಂಬ ಪದ ಏಕಾಏಕಿ ಹುಟ್ಟಿ ಹಬ್ಬಿದಂತೆ ತೋರದೆ ಇರದು. ಭಾಷೆಯಲ್ಲಿ ಅಂಥದ್ದೇನೂ ನಡೆದಿರುವುದಿಲ್ಲ.

ಸರ್ವನಾಮದ ಕ್ಲಿಟಿಕ್‌ಗಳ ವಿಷಯದಲ್ಲಿ ಸಮಸ್ಯೆ ಇನ್ನಷ್ಟು ಸೂಕ್ಷ್ಮ. ‘ನೀನು’ ಎಂಬರ್ಥದ ‘ಕಾವು’ ಸ್ವತಂತ್ರ ಪದವಾಗಿಯೂ ಕ್ರಿಯೆಯ ಹಿಂದಿನ ಕ್ಲಿಟಿಕ್ ಆಗಿಯೂ ಬರುತ್ತದೆ. ‘ನೀನು ಓದಿದ ಪುಸ್ತಕ’ ಎಂಬುದಕ್ಕೆ ‘ಬುಕು ಯಾಙ್ ಕಾವುಬಾಚಾ’ ಎಂದು ಕೂಡಿಸಿಯೇ ಬರೆಯಬೇಕೆಂದು ನಿಯಮ. ಇಲ್ಲಿ ವಾಕ್ಯದ ಕೇಂದ್ರ ಕರ್ಮ. ಆಡುಮಾತಿನ ‘ಕಾವು ಬಾಚಾ ಬುಕು ಇತು’, ಅಂದರೆ ನೀನು ಆ ಪುಸ್ತಕ ಓದು, ಎಂಬಲ್ಲಿ ‘ಕಾವು’ ಕರ್ತೃ, ಬೇರೆ ನಿಲ್ಲುತ್ತದೆ. ಕಿವಿಗೆ ಕೇಳದ ಕ್ರಿಯಾಪ್ರಯೋಗದ ಭೇದವನ್ನು ಇಲ್ಲಿ ಒಂದು ಖಾಲಿ ಜಾಗ ಹೊರುತ್ತಿದೆ. ಎರಡನ್ನೂ ಬಿಡಿಸಿಯೇ ಬರೆಯುವ ಲೇಖಕರು ಕಡಿಮೆಯಿಲ್ಲ. ಅವರನ್ನು ತಿದ್ದುವ ಸಂಪಾದಕ ತಾನು ವಾಕ್ಯದ ವಿಶ್ಲೇಷಣೆ ಮಾಡುತ್ತಿದ್ದೇನೆಂದು ಭಾವಿಸುವುದಿಲ್ಲ, ಆದರೆ ಮಾಡುತ್ತಿರುವುದು ಅದನ್ನೇ.

ಕನ್ನಡದ ‘-ಊ’ಗೆ ಹತ್ತಿರವಾದ ‘ಪುನ್’ ಎಂಬ ಕ್ಲಿಟಿಕ್‌ನ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ‘ದಿಯಾ ಪುನ್’, ಅವನೂ, ಎಂಬುದು ಎರಡು ಪದ. ಆದರೆ ‘ಮೆಸ್ಕಿಪುನ್’, ‘ವಲಾವುಪುನ್’, ‘ಬಾಗೈಮಾನಾಪುನ್’ ಮುಂತಾದ ನಿಗದಿತ ಪಟ್ಟಿಯ ಸಂಯೋಜಕಗಳಲ್ಲಿ ಅದು ಕೂಡಿಕೊಳ್ಳುತ್ತದೆ. ಕನ್ನಡದಲ್ಲಿ ಸಂಧಿಯೇ ಈ ಜಗಳವನ್ನು ತೀರಿಸಿಬಿಡುತ್ತದೆ. ‘ಅವನ್ ಊ’ ಎಂದು ಬಿಡಿಸಿ ಬರೆಯುವ ಆಯ್ಕೆಯೇ ನಮಗಿಲ್ಲ.

4. ಕರಗುವ ವ್ಯಂಜನಗಳು

ಸಕರ್ಮಕ ಕ್ರಿಯಾಪದಗಳನ್ನು ರೂಪಿಸುವ ಪೂರ್ವಪ್ರತ್ಯಯ ‘ಮೆ’ಗೆ ಒಂದು ಅನುನಾಸಿಕ ಅಂಟಿಕೊಂಡಿರುತ್ತದೆ, ಅದು ಮುಂದಿನ ಧ್ವನಿಯ ಸ್ಥಾನಕ್ಕೆ ಹೊಂದಿಕೊಳ್ಳುತ್ತದೆ: ‘ಬೆಲಿ’ಯಿಂದ ‘ಮೆಂಬೆಲಿ’, ‘ಗಂತಿ’ಯಿಂದ ‘ಮೆಂಗಂತಿ’. ಆದರೆ ಧಾತು ಕ, ಪ, ತ, ಸ ಎಂಬ ಅಘೋಷಗಳಿಂದ ಆರಂಭವಾದರೆ ಆ ವ್ಯಂಜನವೇ ಕರಗಿಹೋಗುತ್ತದೆ: ‘ಕಿರಿಮ್’–‘ಮೆಙಿರಿಮ್’, ‘ಪಾಕೈ’–‘ಮೆಮಾಕೈ’, ‘ತೂಲಿಸ್’–‘ಮೆನೂಲಿಸ್’, ‘ಸಾಪು’–‘ಮೆಞಾಪು’. ಇಂಡೋನೇಷ್ಯನ್ ಪರಿಭಾಷೆಯಲ್ಲಿಯೂ ಇದಕ್ಕೆ ‘ಕರಗು’ ಎಂಬರ್ಥದ ‘ಲುಲುಹ್’ ಎಂಬ ಪದವೇ ಇದೆ. ‘ಮಳೆಗಾಲ’, ‘ಬೆಟ್ಟದಾವರೆ’, ‘ಕಂಬನಿ’ಗಳಲ್ಲಿ ಕ, ತ, ಪಗಳು ಗ, ದ, ಬಗಳಾಗುವ ನಮ್ಮ ಆದೇಶಸಂಧಿ ಇಲ್ಲಿ ನೆನಪಾಗುವುದು ಸಹಜ. ಪದದ ಗಡಿಯಲ್ಲಿ ದುರ್ಬಲವಾಗುವ ವರ್ಗ ಹೆಚ್ಚು ಕಡಿಮೆ ಒಂದೇ, ಪರಿಣಾಮ ಬೇರೆ. ಕನ್ನಡದಲ್ಲಿ ವ್ಯಂಜನ ಘೋಷವಾಗುತ್ತದೆ, ಅಲ್ಲಿ ಅನುನಾಸಿಕಕ್ಕೆ ಜಾಗ ಬಿಟ್ಟು ಹೊರಟುಹೋಗುತ್ತದೆ.

ನಿಯಮಕ್ಕೆ ತಡೆಗಳಿವೆ. ಸಂಯುಕ್ತವ್ಯಂಜನ ಕರಗುವುದಿಲ್ಲ (‘ಮೆಙ್‌ಕ್ರಿತಿಕ್’). ‘ಪೆರ್’ ಎಂಬ ಪ್ರತ್ಯಯದ ಪಕಾರವೂ ಕರಗುವುದಿಲ್ಲ (‘ಮೆಂಪೆರ್‌ಬೈಕಿ’). ‘ಕಾಜಿ’ ಎಂಬ ಒಂದೇ ಧಾತುವಿನಿಂದ ಕರಗಿದ ‘ಮೆಙಾಜಿ’, ಕುರಾನ್ ಪಠಿಸು, ಮತ್ತು ಕರಗದ ‘ಮೆಙ್‌ಕಾಜಿ’, ಅಧ್ಯಯನ ಮಾಡು, ಎಂಬ ಎರಡು ಪದಗಳೂ ಮಾನ್ಯವಾಗಿ ಅರ್ಥವನ್ನು ಹಂಚಿಕೊಂಡಿವೆ. ‘ಮೆಂಪುಞೈ’ ಅಪವಾದವೆಂದು ಕಂಡರೂ ಅಲ್ಲ. ಅದರ ಮೂಲ ‘ಎಂಪುಞಾ’.

ವಿವಾದವಿರುವುದು ಬೇರೆ ಕಡೆ. ಕಥನಗದ್ಯಕ್ಕೆ ಬಹು ಪ್ರಿಯವಾದ ‘ಮೆಂಪೆಸೋನಾ’, ಮನಸೂರೆಗೊಳ್ಳು, ಎಂಬ ಪದವನ್ನು ನಿಘಂಟು ಇಂದು ‘ಮೆಮೆಸೋನಾ’ ಎನ್ನುತ್ತದೆ. ಧಾತು ‘ಪೆಸೋನಾ’, ಪಕಾರ ಕರಗಲೇಬೇಕು. ‘ಪ್ರಭಾವ ಬೀರು’ ಎಂಬುದಕ್ಕೆ ಜನ ‘ಮೆಂಪೆಙಾರುಹಿ’ ಎಂದರೆ ನಿಘಂಟು ‘ಮೆಮೆಙಾರುಹಿ’ ಎನ್ನುತ್ತದೆ. ‘ಭಾಷಾಂತರಿಸು’ ಎಂಬುದಕ್ಕೆ ಹಳೆಯ ಬರಹದ ‘ಮೆಂತೆರ್ಜೆಮಾಹ್ಕಾನ್’ ಇಂದು ‘ಮೆನೆರ್ಜೆಮಾಹ್ಕಾನ್’. ‘ಬದಲಿಸು’ ಎಂಬುದಕ್ಕೆ ಸರಿಯಾದ ರೂಪ ‘ಮೆಙುಬಾಹ್’. ‘ಮೆರುಬಾಹ್’ ಎಂದವರಿಗೆ ‘ರುಬಾಹ್ ಎಂದರೆ ನರಿ, ನೀವು ನರಿಯಾಗಲು ಹೊರಟಿದ್ದೀರಾ’ ಎಂಬ ವೈಯಾಕರಣರ ಹಾಸ್ಯ ಕಾದಿರುತ್ತದೆ.

ಈ ಜೋಡಿಗಳನ್ನು ಕಾಗುಣಿತದ ಭೇದಗಳೆಂದು ಕರೆಯುವುದು ಸರಿಯಲ್ಲ. ‘ಮೆಂಪೆಸೋನಾ’ದಲ್ಲಿ 1901, 1947, 1972ರ ಯಾವ ಸುಧಾರಣೆಯೂ ಮುಟ್ಟುವ ಒಂದು ಅಕ್ಷರವೂ ಇಲ್ಲ. ಮೂರೂ ನಿಯಮಗಳಲ್ಲಿ ಅದನ್ನು ಅದೇ ಅಕ್ಷರಗಳಿಂದ ಬರೆಯಬಹುದು, ‘ಮೆಮೆಸೋನಾ’ವನ್ನೂ ಬರೆಯಬಹುದು. ಆಯ್ಕೆಯಿರುವುದು ಪದರಚನೆಯಲ್ಲಿ. ‘ಮೆಂಪೆಙಾರುಹಿ’ ಎಂದು ಬರೆದವನು ಆದಿಯ ಪಕಾರವನ್ನು ಪ್ರತ್ಯಯದಂತೆ ಕೇಳಿಸಿಕೊಂಡಿದ್ದಾನೆ, ‘ಮೆಮೆಙಾರುಹಿ’ ಎಂದು ಬರೆದವನು ‘ಪೆಙಾರುಹ್’ ಇಡಿಯಾಗಿ ಒಂದು ಧಾತುವೆಂದು ಬಗೆದಿದ್ದಾನೆ. ಇವು ಒಂದೇ ವಿಶ್ಲೇಷಣೆಯ ಎರಡು ಬರಹಗಳಲ್ಲ, ಎರಡು ವಿಶ್ಲೇಷಣೆಗಳು. ‘ಪೆಸೋನಾ’ದಲ್ಲಿ ಅಂಥ ಪ್ರತ್ಯಯದ ಭ್ರಮೆಯೂ ದುರ್ಬಲ, ಅಲ್ಲಿ ಲೇಖಕ ಪಕಾರವನ್ನು ಉಳಿಸಿಕೊಂಡದ್ದು ಧಾತುವಿನ ಗುರುತು ಕಳೆಯದಿರಲೆಂದು ಎಂದು ನಮಗನಿಸುತ್ತದೆ. ಕರಗಿದ ರೂಪದಲ್ಲಿ ಎರಡು ಮಕಾರಗಳ ನಡುವೆ ಪದದ ಮೋಡಿ ಮರೆಯಾಗುತ್ತದೆ ಎಂಬ ಭಾವನೆ ಓದುಗರಲ್ಲಿ ಇನ್ನೂ ಇದೆ.

ಆದ್ದರಿಂದ 1950ರ ಒಂದು ಕಾದಂಬರಿಯ ಮರುಮುದ್ರಣದಲ್ಲಿ ‘ಮೆಮೆಸೋನಾ’ ಕಂಡರೆ ಅದನ್ನು 1950ರ ಸಾಕ್ಷ್ಯವಾಗಿ ಉಲ್ಲೇಖಿಸುವ ಮುನ್ನ ಪ್ರಥಮ ಮುದ್ರಣವನ್ನು ನೋಡಲೇಬೇಕು. ರಾಷ್ಟ್ರೀಯ ನಿಘಂಟಿನ ಮೊದಲ ಆವೃತ್ತಿ ಬಂದದ್ದು 1988ರಲ್ಲಿ; ‘ನಿಘಂಟಿನಂತೆ ತಿದ್ದುವುದು’ ಎಂಬ ಸಂಪಾದನ ಶಿಸ್ತು ಅಲ್ಲಿಂದೀಚೆಗೆ ಬಲಗೊಂಡಿತು ಎಂಬುದನ್ನು ಗಮನಿಸಿದರೆ, ಈ ಬಗೆಯ ತಿದ್ದುಪಡಿಯ ಕಾಲವನ್ನೂ ಊಹಿಸಬಹುದು.

5. ದ್ವಿರುಕ್ತಿ: ಅಂಕೆ ಹೇಳಿದ್ದು, ಅಡ್ಡಗೀಟು ಮರೆಸಿದ್ದು

1947ರ ನಿಯಮವು ದ್ವಿರುಕ್ತಿಯನ್ನು ಸೂಚಿಸಲು 2 ಎಂಬ ಅಂಕೆಯನ್ನು ಅನುಮತಿಸಿತು. ‘ಅನಾಕ್-ಅನಾಕ್’, ಮಕ್ಕಳು, ಎಂಬುದನ್ನು ‘ಅನಾಕ್2’ ಎಂದು ಬರೆಯಬಹುದಿತ್ತು. 1972ರ ನಿಯಮ ಇದನ್ನು ನಿಷೇಧಿಸಿ, ಪೂರ್ತಿ ಬರೆದು ನಡುವೆ ಅಡ್ಡಗೀಟು ಹಾಕಬೇಕೆಂದಿತು. ಅಂಕೆಯ ಬಳಕೆಯನ್ನು ಸೋಮಾರಿತನದ ಸಂಕ್ಷೇಪವೆಂದು ತಳ್ಳಿಹಾಕುವವರೇ ಹೆಚ್ಚು. ನಾವು ಹಾಗೆ ಭಾವಿಸುವುದಿಲ್ಲ.

‘ಪಾಶ್ಚಾತ್ಯರಂತೆ ನಟಿಸುವ’ ಎಂಬರ್ಥದ ಪದವನ್ನು ನೋಡಿ. ‘ಬಾರಾತ್’, ಪಶ್ಚಿಮ, ಎಂಬುದು ಧಾತು. ಅದು ದ್ವಿರುಕ್ತವಾಗಿ, ‘ಕೆ…ಅನ್’ ಎಂಬ ಆವರಣ ಪ್ರತ್ಯಯದೊಳಗೆ ಕುಳಿತಿದೆ. ಹಳೆಯ ನಿಯಮ ಇದನ್ನು ‘ಕೆ-ಬಾರಾತ್2-ಅನ್’ ಎಂದು ಬರೆಯುತ್ತಿತ್ತು. ಪದರಚನೆಯ ಪಾಠಪುಸ್ತಕದಲ್ಲಿ ಕಾಣುವ ವಿಶ್ಲೇಷಣೆಯೇ ಅದು: ಪ್ರತ್ಯಯ ಇಲ್ಲಿ, ಧಾತು ಇಲ್ಲಿ, ಆವೃತ್ತಿಗೊಂಡದ್ದು ಇಷ್ಟೇ. ಹೊಸ ನಿಯಮದ ‘ಕೆಬಾರಾತ್-ಬಾರಾತನ್’ ಎಂಬ ಬರಹ ಅದನ್ನು ‘ಕೆಬಾರಾತ್’ ಮತ್ತು ‘ಬಾರಾತನ್’ ಎಂದು ಎರಡು ಹೋಳು ಮಾಡುತ್ತದೆ. ಈ ಅರ್ಥರಚನೆಯಲ್ಲಿ ಆ ಎರಡೂ ಹೋಳುಗಳು ಘಟಕಗಳಲ್ಲ. ‘ಬೆರ್-ಜಲಾನ್2’ ಎಂಬುದು ‘ಬೆರ್ಜಲಾನ್-ಜಲಾನ್’, ಅಡ್ಡಾಡು, ಆದಾಗಲೂ ಇದೇ ನಡೆಯಿತು. ಅಡ್ಡಗೀಟು ಈಗ ಆಕೃತಿಮಾದ ಗಡಿಯನ್ನಲ್ಲ, ಆವೃತ್ತಿಯ ಹೊಲಿಗೆಯನ್ನು ಮಾತ್ರ ತೋರಿಸುತ್ತದೆ. ಅಂಕೆಗೆ ಇನ್ನೊಂದು ಗುಣವಿತ್ತು: ಪೂರ್ಣ ದ್ವಿರುಕ್ತಿಗೆ ಮಾತ್ರ ಅದನ್ನು ಬಳಸಲು ಸಾಧ್ಯ. ‘ಸಾಯುರ್-ಮಾಯುರ್’, ಬಗೆಬಗೆಯ ತರಕಾರಿ, ಎಂಬಂಥ ಧ್ವನಿ ಬದಲಾಗುವ ಜೋಡಿಗೆ ಅದು ಒಗ್ಗದು. ಬರಹವನ್ನು ನೋಡಿಯೇ ಎರಡು ಬಗೆಗಳನ್ನು ಬೇರ್ಪಡಿಸಬಹುದಿತ್ತು.

ಪೂರ್ಣ ದ್ವಿರುಕ್ತಿಯನ್ನು ಬಹುವಚನದ ಚಿಹ್ನೆಯೆಂದಷ್ಟೇ ಕಾಣುವವರಿಗೆ ಮೋಖ್ತಾರ್ ಲೂಬಿಸ್ ಅವರ 1975ರ ಕಾದಂಬರಿಯ ಶೀರ್ಷಿಕೆ ಒಂದು ಪಾಠ. ‘ಹರಿಮಾವು! ಹರಿಮಾವು!’ ಎಂಬುದು ಹುಲಿಗಳು ಎಂದಲ್ಲ. ಹುಲಿ, ಹುಲಿ ಎಂಬ ಕೂಗು. ಅಡ್ಡಗೀಟಿದ್ದರೆ ಪದರಚನೆ, ಆಶ್ಚರ್ಯಸೂಚಕವಿದ್ದರೆ ವಾಕ್ಯ. ಇನ್ನು ‘ಕುಪು-ಕುಪು’, ಚಿಟ್ಟೆ, ‘ಲಾಬಾ-ಲಾಬಾ’, ಜೇಡ, ಮೊದಲಾದವುಗಳಲ್ಲಿ ಬಿಡಿ ರೂಪವೇ ಚಾಲ್ತಿಯಲ್ಲಿಲ್ಲ. ಅಡ್ಡಗೀಟು ಅಲ್ಲಿಯೂ ಬೀಳುತ್ತದೆ.

ಸಾಹಿತ್ಯಕ್ಕೆ ಹೆಚ್ಚು ಸ್ವಾರಸ್ಯಕರವಾದದ್ದು ಭಾಗಶಃ ದ್ವಿರುಕ್ತಿ. ಇದಕ್ಕೆ ಅಲ್ಲಿಯ ವ್ಯಾಕರಣದಲ್ಲಿ ‘ದ್ವಿಪೂರ್ವ’ ಎಂಬ ಹೆಸರಿದೆ. ಕನ್ನಡ ಓದುಗರಿಗೆ ಅನುವಾದ ಬೇಡ. ಮೊದಲ ವ್ಯಂಜನ ಆವೃತ್ತಿಗೊಂಡು ಅದರ ಜೊತೆಗೆ ಶ್ವಾ ಬರುತ್ತದೆ; ಕೊನೆಗೆ ‘ಅನ್’ ಸೇರಿದರೆ ಸಮೂಹವಾಚಿ ಹುಟ್ಟುತ್ತದೆ: ‘ದಾವುನ್’, ಎಲೆ, ‘ದೆದಾವುನಾನ್’; ‘ಪೋಹೋನ್’, ಮರ, ‘ಪೆಪೋಹೋನಾನ್’; ‘ಬಾತು’, ಕಲ್ಲು, ‘ಬೆಬಾತುವಾನ್’; ‘ರುಂಪುತ್’, ಹುಲ್ಲು, ‘ರೆರುಂಪುತಾನ್’. ‘ದಾವುನ್-ದಾವುನ್’ ಎಂದರೆ ಒಂದೊಂದಾಗಿ ಕಾಣುವ ಎಲೆಗಳು. ‘ದೆದಾವುನಾನ್’ ಎಂದರೆ ಎಲೆಗಳ ರಾಶಿ, ಹಸಿರಿನ ಮೊತ್ತ. ಕಛೇರಿಯ ಬರಹಕ್ಕೆ ಇದರ ಅಗತ್ಯ ಕಡಿಮೆ. ಭೂದೃಶ್ಯವನ್ನು ಕಟ್ಟಬೇಕಾದ ಕಾದಂಬರಿಕಾರನಿಗೆ ಇದು ಬೇಕೇ ಬೇಕು, ಮತ್ತು ಈ ಮಾದರಿಯನ್ನು ಜೀವಂತವಾಗಿಟ್ಟಿರುವುದು ಮುಖ್ಯವಾಗಿ ಕಥನಗದ್ಯವೇ ಎಂಬುದು ನಮ್ಮ ಅಭಿಪ್ರಾಯ. ಕನ್ನಡದ ‘ಕಟ್ಟಕಡೆ’, ‘ನಟ್ಟನಡು’, ‘ತುತ್ತತುದಿ’ಗಳೂ ಆದಿಭಾಗದ ಆವೃತ್ತಿಗಳೇ, ಆದರೆ ಅವು ಮುಚ್ಚಿದ ಪಟ್ಟಿ, ಅರ್ಥವೂ ಸಮೂಹವಲ್ಲ, ಅತಿಶಯ.

ದ್ವಿಪೂರ್ವಕ್ಕೆ ಅಡ್ಡಗೀಟು ಇಲ್ಲ. ಅದು ಒಂದೇ ಪದ. ಹೀಗಾಗಿ ‘ಗಂಡಸು’ ಎಂಬರ್ಥದ ‘ಲಾಕಿ-ಲಾಕಿ’ ಮತ್ತು ‘ಲೆಲಾಕಿ’ ಒಂದೇ ಮೂಲದವಾದರೂ ಬರಹದಲ್ಲಿ ಬೇರೆ ಜಾತಿಯವು. ಎಕಾ ಕುರ್ನಿಯಾವಾನ್ ತಮ್ಮ 2004ರ ಕಾದಂಬರಿಗೆ ‘ಲೆಲಾಕಿ ಹರಿಮಾವು’ ಎಂದು ಹೆಸರಿಟ್ಟಾಗ ದೊರೆತದ್ದು ಎರಡು ಅಖಂಡ ನಾಮಪದಗಳ ಎದುರುಬದುರು ನಿಲುವು, ಮನುಷ್ಯ ಮತ್ತು ಹುಲಿ. ನಡುವೆ ಗೀಟಿರುವ ‘ಲಾಕಿ-ಲಾಕಿ’ಯಿಂದ ಆ ಸಮತೂಕ ಬರುತ್ತಿರಲಿಲ್ಲ.

6. ‘ಞಾ’ ಮತ್ತು ಕರ್ತೃವಿಲ್ಲದ ಘಟನೆ

ಕಾದಂಬರಿಗಳ ಶೀರ್ಷಿಕೆಗಳನ್ನು ಪದರಚನೆಯ ದತ್ತಾಂಶವಾಗಿ ನೋಡಿದರೆ ಒಂದು ಮಾದರಿ ಕಣ್ಣಿಗೆ ಬೀಳುತ್ತದೆ: ಹಮ್ಕಾ ಅವರ ‘ತೆಂಗೆಲಾಮ್‌ಞಾ ಕಪಾಲ್ ವಾನ್ ದೆರ್ ವೈಕ್’, ನವಿಸ್ ಅವರ ‘ರೋಬೋಹ್‌ಞಾ ಸುರಾವು ಕಾಮಿ’, ಸಿಮಾತುಪಾಙ್ ಅವರ ‘ಮೆರಾಹ್‌ಞಾ ಮೆರಾಹ್’. ಮುಳುಗು, ಕುಸಿ, ಕೆಂಪು ಎಂಬ ಧಾತುಗಳಿಗೆ ‘ಅವನ, ಅದರ’ ಎಂಬ ಮೂಲಾರ್ಥದ ‘ಞಾ’ ಸೇರಿ, ಹಡಗಿನ ಮುಳುಗುವಿಕೆ, ನಮ್ಮ ಸುರಾವಿನ ಕುಸಿತ, ಕೆಂಪಿನ ಕೆಂಪು ಎಂಬ ನಾಮಗಳು ಸಿದ್ಧವಾಗಿವೆ.

ಭಾಷೆಯಲ್ಲಿ ಬೇರೆ ನಾಮೀಕರಣಗಳಿಲ್ಲವೆಂದಲ್ಲ. ‘ರೋಬೋಹ್’ನಿಂದ ‘ಪೆರೋಬೋಹಾನ್’ ಆಗುತ್ತದೆ. ಆದರೆ ಅದರರ್ಥ ಕೆಡವುವುದು, ಕೆಡವುವವರು ಯಾರೋ ಇರಬೇಕು. ‘ತೆಂಗೆಲಾಮ್’ನಿಂದ ‘ಪೆನೆಂಗೆಲಾಮಾನ್’ ಆಗುತ್ತದೆ, ಅದು ಮುಳುಗಿಸುವುದು. ‘ಞಾ’ ಮಾತ್ರ ಘಟನೆಯನ್ನು ಹೆಸರಿಸಿ ಮಾಡಿದವನನ್ನು ಹೊರಗಿಡುತ್ತದೆ. ನವಿಸ್ ಅವರ ಕಥೆಯಲ್ಲಿ ಸುರಾವನ್ನು, ಅಂದರೆ ಮಿನಂಕಬಾವು ಊರಿನ ಚಿಕ್ಕ ಪ್ರಾರ್ಥನಾಗೃಹವನ್ನು, ಯಾರೂ ಕೆಡವುವುದಿಲ್ಲ. ನೋಡಿಕೊಳ್ಳುತ್ತಿದ್ದ ಮುದುಕ ಹೋದ ಮೇಲೆ ಅದು ತಾನಾಗಿ ಹಾಳಾಗುತ್ತದೆ. ಹೊಣೆ ಯಾರದು ಎಂಬುದೇ ಕಥೆಯ ಪ್ರಶ್ನೆಯಾದ್ದರಿಂದ ಪ್ರತ್ಯಯದ ಆಯ್ಕೆ ಇಲ್ಲಿ ಅಲಂಕಾರವಲ್ಲ. ಪ್ರಮೂದ್ಯರ ‘ಪೆರ್ಬುರುವಾನ್’ (1950) ಎಂಬ ಶೀರ್ಷಿಕೆಯನ್ನೂ ಇದೇ ಬೆಳಕಿನಲ್ಲಿ ಓದಬಹುದು. ಅಕರ್ಮಕ ‘ಬೆರ್ಬುರು’, ಬೇಟೆಯಾಡು, ಇದಕ್ಕೆ ಹೊಂದುವ ನಾಮ ಅದು. ಸಕರ್ಮಕ ‘ಮೆಂಬುರು’, ಬೆನ್ನಟ್ಟು, ಇದಕ್ಕೆ ಹೊಂದುವ ‘ಪೆಂಬುರುವಾನ್’ ಅಲ್ಲ. ಒಬ್ಬನನ್ನು ಬೆನ್ನಟ್ಟುವ ಕ್ರಿಯೆಗಿಂತ ಬೇಟೆ ನಡೆದಿರುವ ಸ್ಥಿತಿಯೇ ಅಲ್ಲಿ ಹೆಸರಾಗಿದೆ.

‘ಞಾ’ವನ್ನು ಸಾಮಾನ್ಯವಾಗಿ ಕೂಡಿಸಿಯೇ ಬರೆಯಬೇಕು. ಒಂದು ಮುಖ್ಯ ಅಪವಾದ: ಅದು ದೇವರನ್ನು ಸೂಚಿಸಿದರೆ ದೊಡ್ಡಕ್ಷರ, ಅದರ ಹಿಂದೆ ಅಡ್ಡಗೀಟು. ‘ಅವನ ಕೃಪೆ’ ಎಂಬಲ್ಲಿ ‘ಅವನು’ ಯಾರೆಂಬುದನ್ನು ಕಿವಿ ಹೇಳದು, ಕಣ್ಣು ಹೇಳಲೇಬೇಕು. ಧಾರ್ಮಿಕ ಸಂದೇಹವನ್ನು ವಸ್ತುವಾಗಿಸಿಕೊಂಡ ಲೇಖಕ ಸರ್ವನಾಮವನ್ನು ಅನಿಶ್ಚಿತವಾಗಿ ಬಿಡಲು ಬಯಸಿದರೂ ಮುದ್ರಣ ಬಿಡುವುದಿಲ್ಲ.

7. ಸಂಭಾಷಣೆ ಮತ್ತು ಪ್ರಾದೇಶಿಕ ಭಾಷೆ

ಜಕಾರ್ತಾ ಆಡುಮಾತಿನಲ್ಲಿ ‘ಮೆ’ ಬಿದ್ದು ಅನುನಾಸಿಕವಷ್ಟೇ ಉಳಿಯುತ್ತದೆ: ‘ನೂಲಿಸ್’, ಬರೆ, ‘ಮಿಕಿರ್’, ಯೋಚಿಸು, ‘ಙೋಪಿ’, ಕಾಫಿ ಕುಡಿ. ವ್ಯಂಜನದ ಕರಗುವಿಕೆ ಪ್ರತ್ಯಯದ ಉಚ್ಚಾರಗಳಿಂದ ಸ್ವತಂತ್ರವಾದ ಪ್ರಕ್ರಿಯೆ ಎಂಬುದಕ್ಕೆ ಕಾದಂಬರಿಗಳ ಸಂಭಾಷಣೆಗಿಂತ ಹೇರಳವಾದ ಲಿಖಿತ ಸಾಕ್ಷ್ಯ ಸಿಗದು. ಸಂಪಾದಕರೂ ಇದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಜಾವಾ ಭಾಷೆಯ ಪದಗಳ ಪಾಡು ಬೇರೆ. ಜಾವಾದಲ್ಲಿ ದಂತ್ಯ ಮತ್ತು ಮೂರ್ಧನ್ಯಗಳು ಅರ್ಥಭೇದಕ: ‘ವೆದಿ’ ಎಂದರೆ ಹೆದರಿಕೆ, ‘ವೆಡಿ’ ಎಂದರೆ ಮರಳು. ಇಂಡೋನೇಷ್ಯನ್ ಬರಹಕ್ಕೆ ಈ ಭೇದವಿಲ್ಲ. ಅಹ್ಮದ್ ತೊಹಾರಿ, ಉಮರ್ ಕಾಯಮ್ ಮುಂತಾದವರ ಕಾದಂಬರಿಗಳಲ್ಲಿನ ಜಾವಾ ಪದಗಳನ್ನು ಅಭ್ಯಸಿಸುವ ಕನ್ನಡಿಗ ತನ್ನ ಲಿಪಿಯಲ್ಲಿರುವ ಸೌಲಭ್ಯವನ್ನು ಬಳಸಿಕೊಳ್ಳುವುದು ಒಳ್ಳೆಯದು.

8. ಪಠ್ಯಸಂಚಯ ಕಟ್ಟುವವರಿಗೆ

ಇದರಿಂದ ಹೊರಡುವ ಕಾರ್ಯಸೂಚಿ ಸರಳವಾದದ್ದು, ಆದರೆ ಶ್ರಮದ್ದು. ಪ್ರತಿ ಪಠ್ಯಕ್ಕೂ ಪ್ರಥಮ ಪ್ರಕಟಣೆಯ ವರ್ಷದ ಜೊತೆಗೆ ಬಳಸಿದ ಮುದ್ರಣದ ವರ್ಷವನ್ನೂ ಅದರ ಕಾಗುಣಿತದ ನಿಯಮವನ್ನೂ ದಾಖಲಿಸಬೇಕು. ‘ದಿ’, ‘ಕಾವು’, ದ್ವಿರುಕ್ತಿ ಮತ್ತು ಕರಗುವ ವ್ಯಂಜನಗಳ ಬಗ್ಗೆ ತೀರ್ಮಾನ ನೀಡುವ ಮುನ್ನ ಒಂದೆರಡು ಅಧ್ಯಾಯಗಳನ್ನಾದರೂ ಪ್ರಥಮ ಮುದ್ರಣದೊಡನೆ ಹೋಲಿಸಬೇಕು. ಅಕ್ಷರ ಬದಲಾವಣೆಗಳಿಗೆ ಈ ಶ್ರಮ ಬೇಕಿಲ್ಲ. ಹಳಗನ್ನಡ ಕಾವ್ಯಗಳ ಮುದ್ರಣಗಳಲ್ಲಿ ೞ ಮತ್ತು ಱಗಳ ಬದಲು ಳ ಮತ್ತು ರಗಳನ್ನು ಕಂಡು ಮೂಲಪ್ರತಿಗೆ ಹೋದ ಅನುಭವವಿರುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯೂ ಎರಡು ಒಂದಾದವು, ಒಂದರಿಂದ ಮತ್ತೆ ಎರಡನ್ನು ಪಡೆಯಲಾಗದು.

ಮರುಮುದ್ರಣದಲ್ಲಿ ಹಳೆಯ ಸಾಕ್ಷ್ಯ ಉಳಿಯುವ ಒಂದು ಜಾಗವಿದೆ: ಮುಖಪುಟ. ನಿಘಂಟಿನಲ್ಲಿ ಇಂದು ‘ಅತೆಇಸ್’ ಎಂಬ ಪದವಿದೆ, ಹಕಾರವಿಲ್ಲದೆ; ಅಖ್ದಿಯಾತ್ ಅವರ ಕಾದಂಬರಿ ಮಾತ್ರ ‘ಅಥೆಇಸ್’ ಆಗಿಯೇ ಅಚ್ಚಾಗುತ್ತಿದೆ. ಹಮ್ಕಾ ಅವರ 1938ರ ‘ದಿ ಬಾವಾಹ್ ಲಿಂಡುಙಾನ್ ಕಾಬಾಹ್’ ಎಂಬ ಶೀರ್ಷಿಕೆಯ ಕೊನೆಯ ಪದದ ನಡುವೆ ಅಪಾಸ್ಟ್ರಫಿ ಇಂದಿಗೂ ಇದೆ; ನಿಘಂಟು ಅಲ್ಲಿ ‘ಕೆ’ಯನ್ನು ಕೇಳುತ್ತದೆ. ಅದೇ ಶೀರ್ಷಿಕೆಯ ಮೊದಲ ‘ದಿ’ ಮಾತ್ರ ಇಂದು ‘ಬಾವಾಹ್’ದಿಂದ ದೂರ ನಿಂತಿದೆ, 1972ರ ನಿಯಮ ಹೇಳುವಂತೆಯೇ.